ಬಿಟ್ಟುಹೋದ ಬೆಕ್ಕನ್ನು ಮತ್ತೆ ಮನೆ ಬೆಕ್ಕಾಗಿಸುವುದು: ಹಿಡಿಯುವುದರಿಂದ ದತ್ತು ಕೊಡುವವರೆಗೆ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡುವ ಕೆಲವರು ಸಾಮಾನನ್ನೆಲ್ಲ ಗಾಡಿಗೆ ತುಂಬಿಸಿ, ಬೆಕ್ಕನ್ನು ಮಾತ್ರ ಮೆಟ್ಟಿಲ ಬುಡದಲ್ಲಿ ಬಿಟ್ಟು ಹೋಗುತ್ತಾರೆ. ಊರ ಕಡೆ ಮರಿಗಳನ್ನು ಗೋಣಿಚೀಲಕ್ಕೆ ತುಂಬಿ ಸಂತೆ ಹತ್ತಿರ ಬಿಟ್ಟು ಬರುತ್ತಾರೆ. ಕರಾವಳಿಯಲ್ಲಾದರೆ ಮೀನು ಮಾರ್ಕೆಟ್. ‘ಬೆಕ್ಕಲ್ವಾ, ಹೇಗೋ ಬದುಕಿಕೊಳ್ಳುತ್ತೆ’ ಅಂತ ಸಮಾಧಾನ ಹೇಳಿಕೊಳ್ಳುತ್ತಾರೆ. ಮನೆಯೊಳಗೆ ತಟ್ಟೆಯಲ್ಲಿ ತಿಂದು ಬೆಳೆದ ಬೆಕ್ಕಿಗೆ ಬೇಟೆಯೂ ಗೊತ್ತಿರುವುದಿಲ್ಲ, ನಾಯಿಯಿಂದ ತಪ್ಪಿಸಿಕೊಳ್ಳುವುದೂ ಗೊತ್ತಿರುವುದಿಲ್ಲ. ಹಸಿವು, ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಆದರೆ ಮೊದಲ ಸಲದ ದಂಡ ಹತ್ತರಿಂದ ಐವತ್ತು ರೂಪಾಯಿ ಅಷ್ಟೆ. ಹಾಗಾಗಿ ಕಾನೂನು ನೋಡಿ ಹೆದರುವವರು ಕಡಿಮೆ. ಬೆಕ್ಕಿನ ಕಷ್ಟ ಕೊನೆಗೆ ಬಂದು ನಿಲ್ಲುವುದು ಶೆಲ್ಟರ್ ಬಾಗಿಲಲ್ಲೇ.

ಶೆಲ್ಟರ್‌ನಲ್ಲಿ ಕೆಲಸ ಮಾಡಲು ಬರುವ ಹೊಸ ಸ್ವಯಂಸೇವಕರಿಗೆ, ಮನೆಯಲ್ಲೇ ಒಂದು ಬೆಕ್ಕನ್ನು ತಾತ್ಕಾಲಿಕವಾಗಿ ಸಾಕಿ ಕೊಡುವವರಿಗೆ ಈ ಬರಹ. ನಾನು ಹೇಳಬೇಕಾಗಿರುವುದು ಮುಖ್ಯವಾಗಿ ಒಂದೇ: ಆತುರ ಬೇಡ. ಸಿಕ್ಕ ತಕ್ಷಣ ಅಪ್ಪಿಕೊಳ್ಳುವ ಆತುರ, ಹೊಟ್ಟೆ ತುಂಬಾ ತಿನ್ನಿಸುವ ಆತುರ, ಬೇರೆ ಬೆಕ್ಕುಗಳ ಜೊತೆ ಬಿಡುವ ಆತುರ, ಬೇಗ ಮನೆ ಹುಡುಕಿ ಕೊಟ್ಟುಬಿಡುವ ಆತುರ. ಬದುಕಬಹುದಾಗಿದ್ದ ಬೆಕ್ಕುಗಳು ಕೈತಪ್ಪುವುದು ಹೆಚ್ಚಾಗಿ ಇವುಗಳಿಂದಲೇ.

ಮೊದಲು ನೋಡಿ, ಆಮೇಲೆ ಮುಟ್ಟಿ

ಬೀದಿಯಲ್ಲಿ ಕಂಡ ಬೆಕ್ಕೆಲ್ಲ ಬಿಟ್ಟುಹೋದ ಬೆಕ್ಕಲ್ಲ. ಅಲ್ಲೇ ಹುಟ್ಟಿ ಬೆಳೆದ ಬೆಕ್ಕು ಮನುಷ್ಯರನ್ನು ನೋಡಿದರೆ ಬಗ್ಗಿ, ಸದ್ದಿಲ್ಲದೆ ಕಾಂಪೌಂಡ್ ದಾಟುತ್ತದೆ. ಸಾಕಿದ ಬೆಕ್ಕು ಹೆದರಿದ್ದರೂ ನಿಮ್ಮ ಮುಖ ನೋಡಿ ಕೂಗುತ್ತದೆ, ಬಾಲ ನೆಟ್ಟಗೆ ಮಾಡಿಕೊಂಡು ಹತ್ತಿರ ಬರುತ್ತದೆ, ಮುಚ್ಚಿದ ಬಾಗಿಲ ಮುಂದೆ ಕೂರುತ್ತದೆ. ಕುತ್ತಿಗೆಯ ಸುತ್ತ ಬೆಲ್ಟ್ ಕಟ್ಟಿದ್ದ ಗುರುತು ಇರಬಹುದು. ಪರ್ಷಿಯನ್ ಥರದ ಉದ್ದ ಕೂದಲಿನ ಬೆಕ್ಕು ಬೀದಿಯಲ್ಲಿ ಕಂಡರೆ ಕಳೆದುಹೋಗಿರಬೇಕು, ಇಲ್ಲವೇ ಯಾರೋ ಬಿಟ್ಟಿರಬೇಕು.

ಕಿವಿಯ ತುದಿ ನೇರವಾಗಿ ಕತ್ತರಿಸಿದಂತಿದ್ದರೆ ಅದು ಸಂತಾನಹರಣ ಆಪರೇಷನ್ ಆದ ಬೀದಿ ಬೆಕ್ಕು. ಅದಕ್ಕೆ ಊಟ ಹಾಕುವವರು ಆ ಬೀದಿಯಲ್ಲೇ ಇರುತ್ತಾರೆ. ಆರೋಗ್ಯವಾಗಿದ್ದರೆ ಅದನ್ನು ಅಲ್ಲೇ ಬಿಡಿ. ಮನುಷ್ಯರ ಸ್ಪರ್ಶವೇ ಗೊತ್ತಿಲ್ಲದೆ ಬೆಳೆದ ದೊಡ್ಡ ಬೆಕ್ಕಿಗೆ ಶೆಲ್ಟರ್‌ನ ಪಂಜರ ಅಂದರೆ ಶಿಕ್ಷೆ. ಅಂಥದ್ದಕ್ಕೆ ಆಪರೇಷನ್ ಮಾಡಿಸಿ, ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲೇ ಬಿಡುವುದು ಸರಿಯಾದ ದಾರಿ.

ಹೆಣ್ಣು ಬೆಕ್ಕಾದರೆ ಹೊಟ್ಟೆ ಕಡೆ ಒಮ್ಮೆ ಗಮನಿಸಿ. ಮೊಲೆಗಳು ಉಬ್ಬಿ, ಸುತ್ತ ಕೂದಲು ಒತ್ತಿ ಹೋಗಿದ್ದರೆ ಹತ್ತಿರದಲ್ಲೇ ಮರಿಗಳಿವೆ ಅಂತ ಅರ್ಥ. ತಾಯಿಯನ್ನು ಮಾತ್ರ ತಂದರೆ ಮರಿಗಳು ಅಲ್ಲೇ ಸಾಯುತ್ತವೆ. ಊಟ ಹಾಕಿ, ತಿಂದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಅಂತ ದೂರದಿಂದ ನೋಡಿ. ನೀರಿನ ಟ್ಯಾಂಕ್ ಹಿಂದೆ, ಮರಳಿನ ರಾಶಿ ಪಕ್ಕ, ಕೆಟ್ಟು ನಿಂತ ಕಾರಿನ ಕೆಳಗೆ ಹುಡುಕಬೇಕು.

ಇನ್ನೊಂದು ಮಾತು. ಪಕ್ಕದ ಮನೆಯವರನ್ನು, ಸೆಕ್ಯೂರಿಟಿಯವರನ್ನು, ಬೀದಿಯ ಅಂಗಡಿಯವರನ್ನು ಕೇಳದೆ ಬೆಕ್ಕನ್ನು ಎತ್ತಿಕೊಂಡು ಬರಬೇಡಿ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿಸಿ. ಕಳೆದುಹೋದ ಬೆಕ್ಕಿಗಾಗಿ ಯಾರೋ ನಿದ್ದೆಗೆಟ್ಟು ಹುಡುಕುತ್ತಿರಬಹುದು.

ಹಿಡಿಯುವುದು

ಮೊದಲು ಶೆಲ್ಟರ್‌ಗೆ ಫೋನ್ ಮಾಡಿ. ಬೆಂಗಳೂರಿನ ಕ್ಯೂಪಾ, ಮಂಗಳೂರು ಶಕ್ತಿನಗರದ ಎನಿಮಲ್ ಕೇರ್ ಟ್ರಸ್ಟ್, ಮೈಸೂರಿನ ಪೀಪಲ್ ಫಾರ್ ಎನಿಮಲ್ಸ್ ಇಂಥ ಸಂಸ್ಥೆಗಳಿವೆ. ಆದರೆ ಯಾವ ಶೆಲ್ಟರ್‌ನಲ್ಲೂ ಜಾಗ ಸುಮ್ನೆ ಖಾಲಿ ಬಿದ್ದಿರುವುದಿಲ್ಲ. ರಾತ್ರೋರಾತ್ರಿ ಗೇಟಿನ ಮುಂದೆ ಡಬ್ಬದಲ್ಲಿ ಬೆಕ್ಕಿಟ್ಟು ಹೋಗುವುದು ಎರಡನೇ ಸಲ ಬಿಟ್ಟುಹೋದಂತೆಯೇ. ಜಾಗ ಇಲ್ಲ ಅಂದರೆ ‘ನಾನೇ ಮನೆಯಲ್ಲಿ ಇಟ್ಟುಕೊಳ್ತೀನಿ, ಚಿಕಿತ್ಸೆಗೆ, ದತ್ತು ಕೊಡುವುದಕ್ಕೆ ನೀವು ಸಹಾಯ ಮಾಡಿ’ ಅಂತ ಕೇಳಿ ನೋಡಿ. ಹಾಗೆ ಕೇಳಿದರೆ ಬಹಳಷ್ಟು ಕಡೆ ದಾರಿ ತೋರಿಸುತ್ತಾರೆ.

ಸಾಧು ಬೆಕ್ಕಾದರೆ ಮೇಲಿನಿಂದ ಬಾಗಿಲು ತೆರೆಯುವ ಕ್ಯಾರಿಯರ್ ಒಂದಿದ್ದರೆ ಸಾಕು. ಒಳಗೆ ಟವೆಲ್ ಹಾಸಿ, ಹಿಂಭಾಗದಲ್ಲಿ ವಾಸನೆ ಜೋರಾಗಿರುವ ಊಟ ಇಡಿ. ಬೇಯಿಸಿದ ಬೂತಾಯಿ ಮೀನಿಗೆ ಬಾರದ ಬೆಕ್ಕು ಅಪರೂಪ. ಹೆದರಿದ ಬೆಕ್ಕಿಗೆ ಬೋನು ಬೇಕು. ಬೋನನ್ನು ಎರಡು ಮೂರು ದಿನ ಬಾಗಿಲು ಬೀಳದಂತೆ ಕಟ್ಟಿ, ತೆರೆದೇ ಇಟ್ಟು, ಒಳಗೆ ಊಟ ಹಾಕಿ ಅಭ್ಯಾಸ ಮಾಡಿಸಿ. ಆಮೇಲೆ ಬಾಗಿಲು ಬೀಳುವಂತೆ ಇಟ್ಟರೆ ಒಂದೇ ಸಲಕ್ಕೆ ಸಿಗುತ್ತದೆ. ಒಮ್ಮೆ ಓಡಿಸಿ ಹಿಡಿಯಲು ಹೋದಿರೋ, ಅದು ವಾರಗಟ್ಟಲೆ ನಿಮ್ಮ ಹತ್ತಿರ ಸುಳಿಯುವುದಿಲ್ಲ. ಬೋನಿಗೆ ಬಿದ್ದ ತಕ್ಷಣ ಇಡೀ ಬೋನಿನ ಮೇಲೆ ಬೆಡ್‌ಶೀಟ್ ಮುಚ್ಚಿ. ಕತ್ತಲಾದರೆ ಒದ್ದಾಟ ನಿಲ್ಲುತ್ತದೆ. ಬೋನು ಇಟ್ಟು ಮನೆಗೆ ಹೋಗಬೇಡಿ, ಕಣ್ಣಳತೆಯಲ್ಲೇ ಇರಿ.

ಕಚ್ಚಿದರೆ, ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ ಏನೂ ಮೆತ್ತಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಶುರು ಮಾಡಿ. ಬೆಕ್ಕಿನಿಂದಲೂ ರೇಬೀಸ್ ಬರುತ್ತದೆ. ಅದರ ಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುವುದರಿಂದ ಹೊರಗೆ ಸಣ್ಣ ತೂತು ಕಂಡರೂ ಒಳಗೆ ಕೀವಾಗಬಹುದು. ಈ ಕೆಲಸ ಪದೇ ಪದೇ ಮಾಡುವವರು ಮುಂಚಿತವಾಗಿಯೇ ಲಸಿಕೆ ಹಾಕಿಸಿಕೊಂಡಿರುವುದು ಒಳ್ಳೆಯದು.

ಡಾಕ್ಟರ್ ಹತ್ತಿರ

ಶೆಲ್ಟರ್ ಒಳಗೆ ಬಿಡುವ ಮೊದಲು ತಪಾಸಣೆ ಆಗಲಿ. ಅಲ್ಲಿಯವರೆಗೆ ನೀವೇ ನೋಡಬಹುದಾದ ಕೆಲವು ಸಂಗತಿಗಳಿವೆ. ತುಟಿ ಎತ್ತಿ ಒಸಡು ನೋಡಿ. ನಸುಗೆಂಪು ಇರಬೇಕು. ಬಿಳಿಚಿದ್ದರೆ ರಕ್ತ ಕಡಿಮೆ, ಹಳದಿಯಾಗಿದ್ದರೆ ಕಾಮಾಲೆ. ಭುಜದ ಮೇಲಿನ ಚರ್ಮವನ್ನು ಮೆಲ್ಲಗೆ ಎತ್ತಿ ಬಿಡಿ. ತಕ್ಷಣ ಹಿಂದಕ್ಕೆ ಹೋಗದೆ ಹಾಗೇ ನಿಂತರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಕಿವಿಯೊಳಗೆ ಕಾಫಿ ಪುಡಿಯಂಥ ಕಪ್ಪು ಕಸ ಇದ್ದರೆ ಹೆಚ್ಚಾಗಿ ಅದು ಕಿವಿಯ ನುಸಿ. ದುಂಡಗೆ ಕೂದಲುದುರಿದ ಜಾಗ ಗಜಕರ್ಣ ಇರಬಹುದು. ಅದು ನಮಗೂ ಹರಡುತ್ತದೆ, ಕೈಗವಸು ಹಾಕಿಕೊಳ್ಳಿ. ಮೈಯ ಉಷ್ಣತೆ 38ರಿಂದ 39.2 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಮೈ ತಣ್ಣಗಾಗಿದ್ದರೆ ಅದು ಜ್ವರಕ್ಕಿಂತ ದೊಡ್ಡ ಅಪಾಯ.

ಗಂಡು ಬೆಕ್ಕು ಮತ್ತೆ ಮತ್ತೆ ಲಿಟರ್ ಟ್ರೇಯಲ್ಲಿ (ಮಲಮೂತ್ರಕ್ಕೆ ಇಡುವ ತಟ್ಟೆ) ಕೂತು ತಿಣುಕುತ್ತಿದೆ, ಒಂದು ಹನಿ ಮೂತ್ರವೂ ಬರುತ್ತಿಲ್ಲ ಅಂದರೆ ನಾಳೆವರೆಗೆ ಕಾಯಬೇಡಿ. ಮೂತ್ರನಾಳ ಕಟ್ಟಿಕೊಂಡ ಬೆಕ್ಕು ಒಂದೆರಡು ದಿನದಲ್ಲೇ ಸಾಯಬಹುದು. ಹೊಸಬರು ಇದನ್ನು ಮಲಬದ್ಧತೆ ಅಂದುಕೊಂಡು ಹರಳೆಣ್ಣೆ ಕುಡಿಸುವುದನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಮನೆಯಲ್ಲಿರುವ ಮಾತ್ರೆ ಯಾವುದೂ ಬೇಡ. ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ, ಅರ್ಧ ಮಾತ್ರೆಯೂ ಕೊಲ್ಲಬಹುದು. ನಾಯಿಯ ಮೈಯ ಉಣ್ಣಿ ಹೋಗಲೆಂದು ಹಾಕುವ ಪರ್ಮೆಥ್ರಿನ್ ಇರುವ ಔಷಧವೂ ಅಷ್ಟೇ. ಚಿಗಟಕ್ಕೆ ಬೆಕ್ಕಿನ ತೂಕ ನೋಡಿ ಡಾಕ್ಟರ್ ಕೊಡುವ ಕುತ್ತಿಗೆಯ ಡ್ರಾಪ್ಸ್ ಮಾತ್ರ ಬಳಸಿ. ಸಾಧ್ಯವಾದರೆ ಎಫ್‌ಐವಿ (ರೋಗನಿರೋಧಕ ಶಕ್ತಿ ಕುಂದಿಸುವ ವೈರಸ್) ಮತ್ತು ಫೆಲ್ವ್ (ಬೆಕ್ಕಿನ ಲ್ಯುಕೇಮಿಯಾ ವೈರಸ್) ರಕ್ತ ಪರೀಕ್ಷೆ ಮಾಡಿಸಿ. ಇವೆರಡೂ ಬೆಕ್ಕಿನಿಂದ ಬೆಕ್ಕಿಗೆ ಮಾತ್ರ ಹರಡುವ ಕಾಯಿಲೆಗಳು, ಮನುಷ್ಯರಿಗೆ ಬರುವುದಿಲ್ಲ. ಪಾಸಿಟಿವ್ ಬಂದ ಮಾತ್ರಕ್ಕೆ ಆ ಬೆಕ್ಕಿನ ಬದುಕು ಮುಗಿಯಿತು ಅಂತಲ್ಲ. ಒಂದೇ ಬೆಕ್ಕಿರುವ ಮನೆ ಹುಡುಕಬೇಕು ಅಷ್ಟೆ.

ಬಾಗಿಲು ಮುಚ್ಚಿದ ಕೋಣೆ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಹೊಸದಾಗಿ ಬಂದ ಬೆಕ್ಕು 14 ದಿನ ಬೇರೆಯೇ ಇರಬೇಕು. ನೋಡಲು ಗಟ್ಟಿಮುಟ್ಟಾಗಿದ್ದರೂ ಸರಿ, ಲಸಿಕೆ ಆಗಿದೆ ಅಂತ ಯಾರೋ ಹೇಳಿದರೂ ಸರಿ. ಕೋಣೆ ಇಲ್ಲದಿದ್ದರೆ ಬಾತ್‌ರೂಮ್ ಆಗುತ್ತದೆ, ಸ್ಟೋರ್‌ರೂಮ್ ಆಗುತ್ತದೆ.

ಕಾರಣ ಪ್ಯಾನ್ಲ್ಯೂಕೋಪೀನಿಯಾ ಅನ್ನುವ ವೈರಸ್ ಕಾಯಿಲೆ. ನಾಯಿಗಳ ಪಾರ್ವೋ ವೈರಸ್‌ನ ಸಂಬಂಧಿ ಈ ವೈರಸ್. ವಾಂತಿ, ಭೇದಿ, ಜ್ವರ, ನೀರಿನ ಬಟ್ಟಲ ಮುಂದೆ ತಲೆ ಬಗ್ಗಿಸಿ ಕೂತರೂ ಕುಡಿಯಲಾಗದ ಸಂಕಟ. ಕೆಲವು ಮರಿಗಳಲ್ಲಿ ಲಕ್ಷಣವೇ ಕಾಣದೆ, ರಾತ್ರಿ ಆಡುತ್ತಿದ್ದದ್ದು ಬೆಳಿಗ್ಗೆ ಸತ್ತಿರುತ್ತದೆ. ಈ ವೈರಸ್ ನೆಲದಲ್ಲಿ, ಬಟ್ಟೆಯಲ್ಲಿ, ಪಂಜರದ ಕಂಬಿಯಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಒಂದು ಬೆಕ್ಕನ್ನು ಆತುರದಿಂದ ಒಳಗೆ ಬಿಟ್ಟರೆ ಮರಿಗಳ ಕೋಣೆಯೇ ಖಾಲಿಯಾಗಬಹುದು.

ಆ ಕೋಣೆಗೆ ಬೇರೆಯೇ ಚಪ್ಪಲಿ, ಬೇರೆಯೇ ಪೊರಕೆ, ಬೇರೆಯೇ ತಟ್ಟೆ ಇರಲಿ. ದಿನದ ಕೆಲಸದಲ್ಲಿ ಆರೋಗ್ಯವಾಗಿರುವ ಮರಿಗಳನ್ನು ಮೊದಲು ನೋಡಿ, ಆಮೇಲೆ ದೊಡ್ಡವು, ಕೊನೆಗೆ ಹೊಸದಾಗಿ ಬಂದವು ಮತ್ತು ಕಾಯಿಲೆಯವು. ಈ ಕ್ರಮ ಯಾವತ್ತೂ ತಿರುಗಬಾರದು.

ಶುಚಿ ಮಾಡುವ ವಿಷಯದಲ್ಲಿ ನಮ್ಮ ಕಡೆ ಒಂದು ದೊಡ್ಡ ತಪ್ಪು ನಡೆಯುತ್ತದೆ. ಗಮಗಮ ಅನ್ನುವಂತೆ ಫಿನಾಯಿಲ್ ಹಾಕಿ ಒರೆಸುತ್ತಾರೆ, ಇಲ್ಲವೇ ಡೆಟಾಲ್ ಸುರಿಯುತ್ತಾರೆ. ಈ ಥರದ ರಾಸಾಯನಿಕಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೆ ವಿಷ ಒಳಗೆ ಹೋಯಿತು. ಅದೂ ಅಲ್ಲದೆ ಇವುಗಳಿಂದ ಪ್ಯಾನ್ಲ್ಯೂಕ್ ವೈರಸ್ ಸಾಯುವುದೂ ಇಲ್ಲ. ಸಾಯಿಸುವುದು ಬ್ಲೀಚ್. ಶೇ. 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ತಂದು, ಒಂದು ಲೀಟರ್ ನೀರಿಗೆ ಸುಮಾರು 30 ಮಿ.ಲೀ. ಬೆರೆಸಿ. ಮೊದಲು ಕಸ, ಹೇಲು, ಕೂದಲು ಎಲ್ಲ ತೆಗೆದು ಸೋಪಿನಲ್ಲಿ ತೊಳೆಯಬೇಕು. ಕೊಳೆ ಇದ್ದರೆ ಬ್ಲೀಚ್ ಕೆಲಸ ಮಾಡುವುದಿಲ್ಲ. ಆಮೇಲೆ ಬ್ಲೀಚ್ ನೀರು ಹಾಕಿ 10 ನಿಮಿಷ ಬಿಡಿ. ಚೆನ್ನಾಗಿ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಬೆಕ್ಕನ್ನು ವಾಪಸ್ ಬಿಡಿ. ಬ್ಲೀಚ್ ಜೊತೆ ಆಸಿಡ್, ಫಿನಾಯಿಲ್ ಯಾವುದನ್ನೂ ಸೇರಿಸಬೇಡಿ. ನುಸಿಗುಳಿಗೆಯನ್ನು ಕೋಣೆಯಿಂದ ತೆಗೆದುಬಿಡಿ.

ಕೋಣೆಯೊಳಗೆ ಏನಿರಬೇಕು? ಒಂದು ಮೂಲೆಯಲ್ಲಿ ಊಟ, ನೀರು. ಎದುರಿನ ಮೂಲೆಯಲ್ಲಿ ಲಿಟರ್ ಟ್ರೇ. ಊಟದ ಪಕ್ಕವೇ ಟ್ರೇ ಇಟ್ಟರೆ ಬೆಕ್ಕು ಎರಡನ್ನೂ ಬಿಡುತ್ತದೆ. ಅಂಗಡಿಯ ಲಿಟರ್ ದುಬಾರಿ ಅನಿಸಿದರೆ ಒಣ ಮರಳು ಅಥವಾ ಮರದ ಹೊಟ್ಟು ಸಾಕು. ಜೊತೆಗೆ ಒಂದು ರಟ್ಟಿನ ಡಬ್ಬ, ಬದಿಯಲ್ಲಿ ತೂತು ಕೊರೆದು ಮಗುಚಿ ಇಟ್ಟಿದ್ದು. ಆ ಡಬ್ಬ ಬೇಕೇ ಬೇಕು. ಅಡಗಲು ಜಾಗವಿರುವ ಬೆಕ್ಕಿನ ಭಯ ಬೇಗ ಇಳಿಯುತ್ತದೆ. ರಟ್ಟು ಕೊಳೆಯಾದರೆ ಬಿಸಾಡಿ ಹೊಸದು ಇಡಬಹುದು, ಅದೇ ಅದರ ಲಾಭ.

ಬಾಗಿಲ ಮೇಲೆ ಒಂದು ಹಾಳೆ ಅಂಟಿಸಿ. ಎಷ್ಟು ತಿಂದಿತು, ಮೂತ್ರ ಮಾಡಿತಾ, ಕಕ್ಕಸು ಹೇಗಿತ್ತು, ಸೀನಿತಾ, ತೂಕ ಎಷ್ಟು ಅಂತ ದಿನಾ ಬರೆಯಿರಿ. ಬೆಳಿಗ್ಗೆ ಒಬ್ಬರು, ಸಂಜೆ ಇನ್ನೊಬ್ಬರು ನೋಡಿಕೊಳ್ಳುವ ಕಡೆ ‘ಅವರು ನೋಡಿರ್ತಾರೆ’ ಅನ್ನುವ ನಂಬಿಕೆಯಲ್ಲೇ ಬೆಕ್ಕು ಎರಡು ದಿನ ಉಪವಾಸ ಇರುವುದುಂಟು.

ಊಟ: ಸ್ವಲ್ಪ, ಆದರೆ ಪದೇ ಪದೇ

ಎಲುಬು ಕಾಣುವಷ್ಟು ಸೊರಗಿದ ಬೆಕ್ಕನ್ನು ಕಂಡಾಗ ಕೈ ತಾನಾಗೇ ಬಟ್ಟಲು ತುಂಬಿಸುತ್ತದೆ. ತಡೆಯಿರಿ. ಬಹಳ ದಿನ ಹಸಿದಿದ್ದ ದೇಹಕ್ಕೆ ಒಮ್ಮೆಲೇ ಜಾಸ್ತಿ ಊಟ ಹೋದರೆ ರಕ್ತದ ಲವಣಗಳು ಏರುಪೇರಾಗಿ ಜೀವಕ್ಕೇ ಅಪಾಯ. ಮೊದಲ ದಿನ ಸಾಮಾನ್ಯ ಪ್ರಮಾಣದ ಮೂರನೇ ಒಂದು ಭಾಗ ಮಾತ್ರ, ಅದನ್ನೂ ಐದಾರು ಸಲಕ್ಕೆ ಹಂಚಿ ಕೊಡಿ. ಆಮೇಲೆ ಕೆಲವು ದಿನಗಳಲ್ಲಿ ನಿಧಾನಕ್ಕೆ ಏರಿಸಿ. ಬೇಯಿಸಿ ಮೂಳೆ ತೆಗೆದ ಕೋಳಿ, ಅದೇ ನೀರಿನಲ್ಲಿ ಕಿವುಚಿದ್ದು ಶುರುವಿಗೆ ಒಳ್ಳೆಯದು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇರಕೂಡದು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ಮೊಸರನ್ನ, ಹಾಲನ್ನ ಹಾಕಿದರೆ ಹೊಟ್ಟೆ ತುಂಬಬಹುದು, ಬೆಕ್ಕು ಬದುಕುವುದಿಲ್ಲ. ಅದು ಮಾಂಸಾಹಾರಿ ಪ್ರಾಣಿ. ಮಾಂಸದಲ್ಲಿ ಸಿಗುವ ಟಾರಿನ್ ಇಲ್ಲದಿದ್ದರೆ ಕಣ್ಣೂ ಹೋಗುತ್ತದೆ, ಹೃದಯವೂ ಸೋಲುತ್ತದೆ. ಮನೆಯಲ್ಲಿ ಮಾಂಸ ತರದವರು ಕ್ಯಾಟ್ ಫುಡ್ ಬಳಸಬಹುದು.

ಇದಕ್ಕೆ ತಿರುಗುಮುರುಗು ಸಮಸ್ಯೆಯೂ ಇದೆ. ಮನೆಯಿಂದ ಹೊರಬಿದ್ದ ಬೆಕ್ಕು ದುಃಖಕ್ಕೆ, ಭಯಕ್ಕೆ ಊಟವನ್ನೇ ಬಿಡುತ್ತದೆ. ದಪ್ಪಗಿರುವ ಬೆಕ್ಕು ಎರಡು ಮೂರು ದಿನ ತಿನ್ನದೇ ಇದ್ದರೆ ಮೈಯ ಕೊಬ್ಬು ಲಿವರ್‌ಗೆ ಸೇರಿ ಲಿವರ್ ಕೆಡಲು ಶುರುವಾಗುತ್ತದೆ. ‘ಹಸಿವಾದರೆ ತಾನೇ ತಿನ್ನುತ್ತೆ’ ಅನ್ನುವ ಮಾತು ಬೆಕ್ಕಿಗೆ ಅನ್ವಯಿಸುವುದಿಲ್ಲ. 24 ಗಂಟೆ ಏನೂ ತಿನ್ನದಿದ್ದರೆ ಡಾಕ್ಟರಿಗೆ ಫೋನ್ ಮಾಡಿ, 48 ಗಂಟೆ ದಾಟಲು ಬಿಡಬೇಡಿ. ನೆಗಡಿ ಇರುವ ಬೆಕ್ಕಿಗೆ ವಾಸನೆ ತಿಳಿಯುವುದಿಲ್ಲ, ವಾಸನೆ ತಿಳಿಯದಿದ್ದರೆ ತಿನ್ನುವುದಿಲ್ಲ. ಮೂಗು, ಕಣ್ಣನ್ನು ಉಗುರುಬೆಚ್ಚಗಿನ ನೀರಿನ ಹತ್ತಿಯಲ್ಲಿ ಒರೆಸಿ, ಊಟವನ್ನು ಸ್ವಲ್ಪ ಬಿಸಿ ಮಾಡಿ ಕೊಟ್ಟು ನೋಡಿ.

ಭಯ ಬಿಡಿಸುವುದು

ನಮ್ಮಲ್ಲಿಗೆ ಬಂದಿದ್ದ ಒಂದು ಪರ್ಷಿಯನ್ ಬೆಕ್ಕಿನ ಕತೆ ಹೇಳಬೇಕು. ಮನೆಯವರು ಊರು ಬಿಟ್ಟಾಗ ಪಾರ್ಕಿಂಗ್ ಜಾಗದಲ್ಲಿ ಬಿಟ್ಟಿದ್ದರು. ಹೊಟ್ಟೆ, ಕಂಕುಳ ಕೂದಲೆಲ್ಲ ಗಂಟುಗಟ್ಟಿ ಚಾಪೆಯಾಗಿತ್ತು. ಕಾಲು ಚಾಚಿದರೆ ಚರ್ಮ ಎಳೆದು ನೋವಾಗುತ್ತಿತ್ತು. ಡಬ್ಬದೊಳಗೆ ಗೋಡೆ ಕಡೆ ಮುಖ ಮಾಡಿ ಕೂತಿರುತ್ತಿತ್ತು. ಊಟ ಇಟ್ಟರೆ ತಿರುಗುತ್ತಿರಲಿಲ್ಲ. ರಾತ್ರಿ ಎಲ್ಲರೂ ಹೋದ ಮೇಲೆ ಒಂಚೂರು ತಿಂದಿರುತ್ತಿತ್ತು. ಆ ಗಂಟುಗಳನ್ನು ಕತ್ತರಿಯಲ್ಲಿ ಬಿಡಿಸಲು ಹೋಗಬಾರದು, ಚರ್ಮ ತುಂಬಾ ತೆಳು, ಕಿತ್ತು ಬರುತ್ತದೆ. ಡಾಕ್ಟರ್ ಮಂಪರು ಬರುವ ಔಷಧ ಕೊಟ್ಟು ಕ್ಲಿಪ್ಪರ್‌ನಲ್ಲಿ ಬೋಳಿಸಿದರು. ನೋವು ಹೋದ ಮೇಲೆಯೇ ಅದು ಮೊದಲ ಸಲ ಮುಖ ಇತ್ತ ತಿರುಗಿಸಿದ್ದು. ಸಿಟ್ಟಿನ ಬೆಕ್ಕು, ಮಂಕಾದ ಬೆಕ್ಕು ಅಂತ ನಾವು ಹೆಸರಿಡುವ ಎಷ್ಟೋ ಬೆಕ್ಕುಗಳಿಗೆ ನಿಜವಾಗಿ ಇರುವುದು ನೋವು. ಕೊಳೆತ ಹಲ್ಲು, ಕಿವಿಯ ಹುಣ್ಣು, ಹಳೆಯ ಮೂಳೆಮುರಿತ. ಅದನ್ನು ಮೊದಲು ನೋಡಿ.

ಆಮೇಲೆ ದಿನಚರಿ. ಅದೇ ಹೊತ್ತಿಗೆ ಊಟ, ಅದೇ ಹೊತ್ತಿಗೆ ಶುಚಿ, ಸಾಧ್ಯವಾದರೆ ಅದೇ ಮನುಷ್ಯ. ಮುಂದೇನು ಅಂತ ಗೊತ್ತಿರುವ ಬೆಕ್ಕು ಸಮಾಧಾನವಾಗಿರುತ್ತದೆ. ಊಟ ಇಟ್ಟು ಹೊರಗೆ ಓಡಬೇಡಿ. ಕೋಣೆಯಲ್ಲಿ ನೆಲದ ಮೇಲೆ, ಬೆಕ್ಕಿಗೆ ಪಕ್ಕ ತಿರುಗಿ ಕೂತು ಮೆಲ್ಲಗೆ ಏನಾದರೂ ಓದಿ. ಪೇಪರ್ ಓದಿದರೂ ಆದೀತು. ನೇರವಾಗಿ ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ, ಅದು ಬೆಕ್ಕಿಗೆ ಬೆದರಿಕೆ. ನೋಡಿದಾಗ ನಿಧಾನಕ್ಕೆ ರೆಪ್ಪೆ ಮುಚ್ಚಿ ತೆರೆಯಿರಿ. ಅದೂ ಹಾಗೇ ಮಾಡಿದರೆ ನಂಬಿಕೆ ಹುಟ್ಟುತ್ತಿದೆ ಅಂತ ತಿಳಿಯಿರಿ.

ಮುಟ್ಟುವ ಹೊತ್ತು ಬಂದಾಗ ಒಂದು ಬೆರಳನ್ನು ಅದರ ಮೂಗಿನ ಮಟ್ಟಕ್ಕೆ ಚಾಚಿ ನಿಲ್ಲಿಸಿ. ಅದು ಮೂಸಿ ಕೆನ್ನೆ ಉಜ್ಜಿದರೆ ಕೆನ್ನೆ, ಗಲ್ಲದ ಕೆಳಗೆ ಸವರಿ. ಮೂರು ಸಲ ಸವರಿ ನಿಲ್ಲಿಸಿ. ಮತ್ತೆ ಬೇಕು ಅಂತ ಅದೇ ಬರಲಿ. ಹೊಟ್ಟೆ, ಬಾಲದ ಬುಡ ಬೇಡ. ಬಾಲ ಪಟಪಟ ಬಡಿದರೆ, ಕಿವಿ ಬದಿಗೆ ಮಡಚಿದರೆ ಕೈ ಹಿಂದಕ್ಕೆ ತೆಗೆಯಿರಿ. ಬುಸ್ ಅಂದಾಗ ಬೈಯಬೇಡಿ. ಅದು ಕಚ್ಚುವ ಮೊದಲು ಕೊಡುವ ಎಚ್ಚರಿಕೆ. ಅದನ್ನು ಹೆದರಿಸಿ ಬಿಡಿಸಿದರೆ ಎಚ್ಚರಿಕೆ ಇಲ್ಲದೆ ಕಚ್ಚುವ ಬೆಕ್ಕಾಗುತ್ತದೆ. ಕೋಲಿಗೆ ದಾರ ಕಟ್ಟಿ, ತುದಿಗೊಂದು ಗರಿ ಸಿಕ್ಕಿಸಿ ದೂರದಿಂದ ಆಡಿಸಿ. ಬೆಕ್ಕು ಆಟಕ್ಕೆ ಬಂತು ಅಂದರೆ ಅರ್ಧ ಗೆದ್ದಂತೆ. ಆಟ ಮುಗಿದ ಮೇಲೆ ದಾರ ಎತ್ತಿಡಿ. ನುಂಗಿದರೆ ಕರುಳು ಕತ್ತರಿಸುತ್ತದೆ.

ಕೆಲವು ಬೆಕ್ಕುಗಳಿಗೆ ಒಂದು ವಾರ ಸಾಕು, ಕೆಲವಕ್ಕೆ ತಿಂಗಳುಗಳು ಬೇಕು. ಸಂದರ್ಶಕರನ್ನು ಈ ಕೋಣೆಗೆ ಬಿಡಬೇಡಿ. ಫೋಟೋ, ವಿಡಿಯೋ ಕಾಯಬಹುದು.

ತಾಯಿಯಿಲ್ಲದ ಮರಿಗಳು

ಬೆಚ್ಚಗೆ, ಸದ್ದಿಲ್ಲದೆ ಮಲಗಿರುವ ಮರಿಗಳ ತಾಯಿ ಊಟಕ್ಕೆ ಹೋಗಿರಬಹುದು. ದೂರದಲ್ಲಿ ನಿಂತು ಎರಡು ಮೂರು ಗಂಟೆ ಕಾಯಿರಿ. ಆದರೆ ಮೈ ತಣ್ಣಗಿದ್ದರೆ, ಇರುವೆ ಮುತ್ತಿದ್ದರೆ, ನೊಣ ಮೊಟ್ಟೆ ಇಟ್ಟಿದ್ದರೆ, ನಾಯಿ ಸುತ್ತುತ್ತಿದ್ದರೆ, ಚೀಲದಲ್ಲಿ ಕಟ್ಟಿಟ್ಟಿದ್ದರೆ ಕಾಯುವ ಪ್ರಶ್ನೆಯೇ ಇಲ್ಲ.

ಮೊದಲು ಶಾಖ, ಆಮೇಲೆ ಹಾಲು. ತಣ್ಣಗಿರುವ ಮರಿಗೆ ಹಾಲು ಅರಗುವುದಿಲ್ಲ, ಶ್ವಾಸಕ್ಕೆ ಹೋಗಿ ಸಾಯಬಹುದು. ಬಾಟಲಿಗೆ ಬಿಸಿನೀರು ತುಂಬಿ, ದಪ್ಪ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಬೇಡವಾದರೆ ಸರಿದು ಮಲಗಲು ಜಾಗವೂ ಇರಲಿ. ಹಸುವಿನ ಹಾಲು ಬೇಡ, ಭೇದಿಯಾಗಿ ಒಂದೇ ದಿನದಲ್ಲಿ ಮರಿ ಸೊರಗುತ್ತದೆ. ಪೆಟ್ ಶಾಪ್‌ಗಳಲ್ಲಿ ಬೆಕ್ಕಿನ ಮರಿಗೆಂದೇ ಹಾಲಿನ ಪುಡಿ ಸಿಗುತ್ತದೆ. ಕಣ್ಣು ಬಿಡದ ಮರಿಗೆ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಕೊಡಬೇಕು. 100 ಗ್ರಾಂ ತೂಕಕ್ಕೆ ಒಂದು ಸಲಕ್ಕೆ ಸುಮಾರು 4 ಮಿ.ಲೀ. ಮಗುವಿನ ಹಾಗೆ ಅಂಗಾತ ಮಲಗಿಸಿ ಕುಡಿಸಬಾರದು. ಹೊಟ್ಟೆ ಕೆಳಗೆ ಮಾಡಿ, ತಲೆ ಸ್ವಲ್ಪ ಎತ್ತಿ, ಅದು ಚೀಪುವ ವೇಗದಲ್ಲೇ ಕೊಡಿ. ಪ್ರತಿ ಸಲ ಒದ್ದೆ ಹತ್ತಿಯಲ್ಲಿ ಹಿಂಭಾಗ ಮೆಲ್ಲಗೆ ಒರೆಸಿ. ತಾಯಿ ನೆಕ್ಕದೆ ಆ ಮರಿ ಮೂತ್ರವನ್ನೂ ಮಾಡಲಾರದು.

ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ಅದೇ ಹೊತ್ತಿಗೆ ತೂಗಿ. ಹುಟ್ಟಿದಾಗ ಸುಮಾರು 100 ಗ್ರಾಂ ಇರುವ ಮರಿ ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಒಂದು ದಿನ ತೂಕ ನಿಂತರೆ ಎಚ್ಚರ, ಇಳಿದರೆ ಡಾಕ್ಟರ್. ನಾಲ್ಕು ವಾರಕ್ಕೆ ಮೆತ್ತಗಿನ ಊಟ ಶುರು. ಎರಡರಿಂದ ಏಳು ವಾರದೊಳಗೆ ಮನುಷ್ಯರ ಕೈಗೆ ಒಗ್ಗಿದ ಮರಿ ಬದುಕಿಡೀ ಸಾಧುವಾಗಿರುತ್ತದೆ. ಹಾಗಾಗಿ ಈ ವಯಸ್ಸಿನವನ್ನು ಶೆಲ್ಟರ್‌ಗಿಂತ ಮನೆಯಲ್ಲಿ ಬೆಳೆಸುವುದೇ ಮೇಲು. ಮಿಕ್ಸಿ ಸದ್ದು, ಕುಕ್ಕರ್ ವಿಸಿಲ್, ಮಕ್ಕಳ ಗಲಾಟೆ ಎಲ್ಲ ಅಲ್ಲೇ ಅಭ್ಯಾಸವಾಗುತ್ತದೆ.

ಲಸಿಕೆ, ಆಪರೇಷನ್

ಮೊದಲ ಟ್ರೈಕ್ಯಾಟ್ ಲಸಿಕೆ (ಪ್ಯಾನ್ಲ್ಯೂಕೋಪೀನಿಯಾ ಮತ್ತು ಬೆಕ್ಕಿನ ನೆಗಡಿ ವೈರಸ್‌ಗಳಿಗೆ) ಆರರಿಂದ ಎಂಟು ವಾರಕ್ಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಮರಿಗೆ ನಾಲ್ಕು ತಿಂಗಳು ತುಂಬುವವರೆಗೆ. ರೇಬೀಸ್ ಲಸಿಕೆ ಮೂರು ತಿಂಗಳಾದ ಮೇಲೆ. ಜಂತುಹುಳುವಿನ ಔಷಧ ತೂಕ ನೋಡಿ.

ಹೆಣ್ಣು ಬೆಕ್ಕು ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು. ಗರ್ಭ ಸುಮಾರು 63ರಿಂದ 65 ದಿನ. ಮರಿ ಹಾಲು ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಗಬ್ಬವಾಗುವುದೂ ಇದೆ. ಗೋಣಿಚೀಲದ ಮರಿಗಳು ಬರುವುದು ಇಲ್ಲಿಂದಲೇ. ‘ಒಂದು ಸಲ ಮರಿ ಹಾಕಲಿ, ಆಮೇಲೆ ಮಾಡಿಸ್ತೀವಿ’ ಅನ್ನುವವರಿಗೆ ಬೆಕ್ಕು ಕೊಡಬೇಡಿ. ಅದರಿಂದ ಬೆಕ್ಕಿನ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ. ಆಪರೇಷನ್ ವಯಸ್ಸಿಗೆ ಬಂದ ಬೆಕ್ಕಿಗೆ ಅದು ಆಗದೆ ದತ್ತು ಇಲ್ಲ ಅನ್ನುವ ನಿಯಮ ಇರಲಿ.

ದತ್ತು ಕೊಡುವುದು

ಮನೆ ನೋಡದೆ ಬೆಕ್ಕು ಕೊಡಬೇಡಿ. ಅಪಾರ್ಟ್‌ಮೆಂಟ್ ಆದರೆ ಬಾಲ್ಕನಿ, ಕಿಟಕಿಗಳಿಗೆ ಬಲೆ ಇದೆಯಾ ಅಂತ ನೋಡಿ. ಬೆಕ್ಕು ಎತ್ತರದಿಂದ ಬಿದ್ದರೂ ಕಾಲೂರಿ ನಿಲ್ಲುತ್ತದೆ ಅಂತ ನಂಬಿ ಬಲೆ ಹಾಕಿಸದವರಿದ್ದಾರೆ. ಪಾರಿವಾಳ, ಹಲ್ಲಿಯ ಹಿಂದೆ ಜಿಗಿದು ದವಡೆ, ಎದೆ, ಕಾಲು ಮುರಿದುಕೊಂಡ ಬೆಕ್ಕುಗಳು ಆಸ್ಪತ್ರೆಗಳಿಗೆ ಬರುತ್ತಲೇ ಇರುತ್ತವೆ. ಮನೆಯ ಎಲ್ಲರನ್ನೂ ಮಾತಾಡಿಸಿ. ಮಗಳಿಗೆ ಆಸೆ, ಅಜ್ಜಿಗೆ ಬೆಕ್ಕೇ ಆಗುವುದಿಲ್ಲ ಅಂದರೆ ಆ ಬೆಕ್ಕು ವಾಪಸ್ ಬರುತ್ತದೆ. ಬಾಡಿಗೆ ಮನೆಯಾದರೆ ಓನರ್ ಒಪ್ಪಿಗೆ ಕೇಳಿ. ಮನೆ ಬದಲಿಸಬೇಕಾದಾಗ ಏನು ಮಾಡುತ್ತೀರಿ ಅಂತಲೂ ಕೇಳಿ. ಆ ಉತ್ತರ ಕೇಳಿಯೇ ನಾನು ನಿರ್ಧಾರ ಮಾಡುವುದು.

ಮನೆಯಲ್ಲಿ ಬಸುರಿ ಇದ್ದಾರೆ ಅಂತ ಬೆಕ್ಕನ್ನು ಬಿಡುವವರು ತುಂಬಾ. ಭಯ ಇರುವುದು ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡಬಲ್ಲ ಟೊಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿ ಜೀವಿಯ ಬಗ್ಗೆ. ಅದು ಬೆಕ್ಕಿನ ಕಕ್ಕಸಿನಲ್ಲಿ ಹೊರಬಂದ ಮೇಲೆ ಅಂಟುವ ಸ್ಥಿತಿಗೆ ಬರಲು ಕನಿಷ್ಠ ಒಂದು ದಿನ ಬೇಕು. ಲಿಟರ್ ಅನ್ನು ದಿನಾ ಬೇರೆಯವರು ತೆಗೆದರೆ, ಮಾಂಸ ಚೆನ್ನಾಗಿ ಬೇಯಿಸಿ ತಿಂದರೆ, ತರಕಾರಿ ತೊಳೆದರೆ ಬೆಕ್ಕನ್ನು ಬಿಡುವ ಅಗತ್ಯವಿಲ್ಲ. ಇದನ್ನು ಹೊಸ ಮನೆಯವರಿಗೆ ಮುಂಚೆಯೇ ಹೇಳಿ.

ಕಪ್ಪು ಬೆಕ್ಕುಗಳಿಗೆ ಮನೆ ಸಿಗುವುದು ತಡ. ಅಡ್ಡ ಬಂದರೆ ಅಪಶಕುನ ಅನ್ನುವ ಮಾತು ಇನ್ನೂ ಜನರ ತಲೆಯಲ್ಲಿದೆ. ಹೇಗಾದರೂ ಒಂದು ಮನೆ ಅಂತ ಸಿಕ್ಕವರಿಗೆ ಕೊಡಬೇಡಿ. ಬೆಳಕಿರುವ ಕಿಟಕಿ ಪಕ್ಕ ಕೂರಿಸಿ ಒಳ್ಳೆಯ ಫೋಟೋ ತೆಗೆಯಿರಿ, ಅದರ ಸ್ವಭಾವ ಬರೆಯಿರಿ, ಕಾಯಿರಿ. ಮರಿಗಳನ್ನಾದರೆ ಜೋಡಿಯಾಗಿ ಕೊಡಲು ನೋಡಿ.

ಹೊಸ ಮನೆಯಲ್ಲೂ ಮೊದಲು ಒಂದೇ ಕೋಣೆ. ಹಳೆಯ ಟವೆಲ್, ಅದೇ ಥರದ ಲಿಟರ್, ಅದೇ ಊಟ ಜೊತೆಗೆ ಕಳಿಸಿ. ಮನೆಯಲ್ಲಿ ಬೇರೆ ಬೆಕ್ಕಿದ್ದರೆ ಮೊದಲು ಬಾಗಿಲ ಎರಡೂ ಬದಿಯಲ್ಲಿ ಊಟ, ಆಮೇಲೆ ಹಾಸಿಗೆ ಬಟ್ಟೆ ಅದಲುಬದಲು, ಕೊನೆಗೆ ಮುಖಾಮುಖಿ. ಇಷ್ಟಕ್ಕೆ ವಾರಗಳು ಹಿಡಿಯಬಹುದು. ಆಗದಿದ್ದರೆ ಬೆಕ್ಕನ್ನು ನಮಗೇ ವಾಪಸ್ ಕೊಡಬೇಕು, ಬೇರೆ ಯಾರಿಗೂ ದಾಟಿಸಬಾರದು ಅಂತ ಬರೆಸಿಕೊಳ್ಳಿ. ವಾಪಸ್ ತಂದವರನ್ನು ಬೈಯಬೇಡಿ. ಬೈದರೆ ಮುಂದಿನವರು ತರುವುದಿಲ್ಲ, ಬೀದಿಗೇ ಬಿಡುತ್ತಾರೆ.

ಮೊದಲ ವಾರದಲ್ಲಿ ತಪ್ಪದೆ ಫೋನ್ ಮಾಡಿ. ‘ಹೇಗಿದೆ?’ ಅಂತ ಕೇಳಿದರೆ ‘ಚೆನ್ನಾಗಿದೆ’ ಅಂತಲೇ ಹೇಳುತ್ತಾರೆ. ಇವತ್ತು ಎಷ್ಟು ತಿಂದಿತು, ಎಷ್ಟು ಸಲ ಮೂತ್ರ ಮಾಡಿತು, ಎಲ್ಲಿ ಮಲಗಿತ್ತು ಅಂತ ಕೇಳಿ.

ತಪ್ಪಿಸಿಕೊಂಡಿತು ಅಂತ ಫೋನ್ ಬಂದರೆ ಮೊದಲು ಹೇಳಬೇಕಾದ ಮಾತು, ದೂರ ಹುಡುಕಬೇಡಿ. ಹೊಸ ಜಾಗದಲ್ಲಿ ಹೊರಬಿದ್ದ ಬೆಕ್ಕು ಸಾಮಾನ್ಯವಾಗಿ ಹತ್ತಿರದ ಕೆಲವೇ ಮನೆಗಳ ಅಂತರದಲ್ಲಿ ಅಡಗಿರುತ್ತದೆ. ಹೆಸರು ಕೂಗಿದರೂ ಸದ್ದು ಮಾಡುವುದಿಲ್ಲ. ಮೆಟ್ಟಿಲ ಕೆಳಗೆ, ಜನರೇಟರ್ ಹಿಂದೆ, ಸಂಪಿನ ಪಕ್ಕ, ಗಾಡಿಗಳ ಕೆಳಗೆ ನೋಡಬೇಕು. ಬೀದಿ ತಣ್ಣಗಾದ ಮೇಲೆ, ರಾತ್ರಿ ಹನ್ನೊಂದರ ನಂತರ ಟಾರ್ಚ್ ಹಿಡಿದು ಹೋದರೆ ಕಣ್ಣು ಹೊಳೆಯುವುದು ಕಾಣುತ್ತದೆ. ಕಂಡರೆ ಕೈ ಹಾಕಬೇಡಿ, ಓಡಿಸಬೇಡಿ. ಊಟ ಇಟ್ಟು, ಪಕ್ಕದಲ್ಲಿ ಅದರ ಹಳೆಯ ಟವೆಲ್ ಇಟ್ಟು, ಶೆಲ್ಟರ್‌ಗೆ ಫೋನ್ ಮಾಡಿ ಬೋನು ತರಿಸಿ.